ವೇಲ್ಸ್ ದೇಶದ ಬಿಲ್ಲಾಳುಗಳು

1346ರ ಕ್ರೆಸಿ ಯುದ್ಧದಲ್ಲಿ ಫ್ರೆಂಚರನ್ನು ಮುರಿದುದು ‘ಇಂಗ್ಲಿಷರ ಬಿಲ್ಲು’ ಎಂದು ಮೂವತ್ತು ವರ್ಷಗಳ ಕಾಲ ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನು. ಅದು ಪೂರ್ಣ ಸತ್ಯವಲ್ಲವೆಂದು ತಿಳಿದುದು ನಿವೃತ್ತನಾದ ಮೇಲೆ, ಆ ದಂಡಿನ ಸಂಬಳದ ಲೆಕ್ಕಗಳ ವಿಚಾರವನ್ನು ಓದಿದಾಗ. ಮಕ್ಕಳಿಗೆ ಸಲ್ಲಬೇಕಾಗಿದ್ದ ಬಾಕಿಯನ್ನು ಈ ತಿಂಗಳು ವಾಚಕರಿಗಾದರೂ ಸಲ್ಲಿಸುತ್ತೇನೆ.

ವೇಲ್ಸ್ ಎಂಬುದು ಇಂಗ್ಲೆಂಡಿನ ಪಶ್ಚಿಮಕ್ಕಿರುವ ಬೆಟ್ಟಗಳ ನಾಡು. ಅಲ್ಲಿಯ ಭಾಷೆ ಬೇರೆ, ಅಂದಿನ ಧರ್ಮಶಾಸನಗಳೂ ಬೇರೆ. ತಂದೆಯ ಭೂಮಿಯನ್ನು ಗಂಡುಮಕ್ಕಳೆಲ್ಲರೂ ಸಮನಾಗಿ ಹಂಚಿಕೊಳ್ಳುವುದು ಅವರ ಪದ್ಧತಿ. ತಲೆಮಾರು ಕಳೆದಂತೆ ಒಬ್ಬೊಬ್ಬನಿಗೆ ಎಷ್ಟು ಉಳಿಯುತ್ತಿದ್ದಿತೆಂಬುದನ್ನು ಗೃಹಸ್ಥರಿಗೆ ನಾನು ಹೇಳಬೇಕಾದುದಿಲ್ಲ. 1282ರಲ್ಲಿ ಅವರ ಅರಸನಾದ ಲ್ಯುವೆಲಿನ್ ಹತನಾದನು. ಮರುವರ್ಷದೊಳಗೆ ಒಂದನೆಯ ಎಡ್ವರ್ಡ್ ದೊರೆಯು ನಾಡನ್ನು ಕೈವಶಮಾಡಿಕೊಂಡು ಕಾನ್ವಿ, ಕೆರ್ನಾರ್ವನ್ ಮುಂತಾದೆಡೆಗಳಲ್ಲಿ ಕೋಟೆಗಳನ್ನು ಎತ್ತಿಸಲಾರಂಭಿಸಿದನು.

ಹದಿನಾರು ವರ್ಷಗಳು ಕಳೆಯುವಷ್ಟರಲ್ಲಿ, 1298ರಲ್ಲಿ, ಅದೇ ದೊರೆ ಸ್ಕಾಟರ ಮೇಲೆ ದಂಡೆತ್ತಿ ಹೋದಾಗ ಅವನ ಕಾಲಾಳುಗಳಲ್ಲಿ ಹತ್ತು ಸಾವಿರಕ್ಕೆ ಮೀರಿದವರು ವೇಲ್ಸಿನವರು! ಕೌಟಿಲ್ಯನು ಬಲವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ಬಗೆಯಾಗಿ ವಿಂಗಡಿಸಿರುವನು. ಇವರು ಅಮಿತ್ರರೂ ಹೌದು, ಭೃತರೂ ಹೌದು. ಇಂತಹ ಬಲವನ್ನು ನಂಬುವುದು ಸುಲಭವಲ್ಲ. ಆ ದಂಡಯಾತ್ರೆಯಲ್ಲಿ ಹಸಿದ ಹೊಟ್ಟೆಗೆ ದ್ರಾಕ್ಷಾಮದ್ಯವನ್ನು ಹಂಚಲಾಗಿ, ವೇಲ್ಸಿನವರಿಗೂ ಇಂಗ್ಲಿಷರಿಗೂ ಹೊಡೆದಾಟವಾಗಿ ಹಲವರು ಸತ್ತರೆಂದು ಅಂದಿನ ವೃತ್ತಾಂತಕಾರರು ಬರೆದಿರುವರು.

ಮೊಮ್ಮಗನಾದ ಮೂರನೆಯ ಎಡ್ವರ್ಡನು 1346ರಲ್ಲಿ ಫ್ರಾನ್ಸಿನ ಮೇಲೆ ಹೋಗುವಾಗ ಸಿದ್ಧತೆಯು ಹೆಚ್ಚು ಜಾಣತನದಿಂದ ನಡೆಯಿತು. ವೇಲ್ಸಿನಿಂದ ಏಳು ಸಾವಿರ ಮಂದಿಯನ್ನು ಕೇಳಿದರು. ಅರ್ಧ ಬಿಲ್ಲಿನವರು, ಅರ್ಧ ಈಟಿಯವರು. ಇಪ್ಪತ್ತು ಮಂದಿಗೆ ಒಬ್ಬ ನಾಯಕ. ಅವನಿಗೆ ದಿನಕ್ಕೆ 4 ಪೆನ್ನಿ, ಉಳಿದವರಿಗೆ 2 ಪೆನ್ನಿ. ಆ ಕಾಲದಲ್ಲಿ ಒಂದು ಸಾದಾ ಬಿಲ್ಲಿನ ಬೆಲೆ 12 ಪೆನ್ನಿ, ಎಂದರೆ ಆರು ದಿನಗಳ ಸಂಬಳ. ಇಪ್ಪತ್ತನಾಲ್ಕು ಬಾಣಗಳ ಕಟ್ಟಿಗೆ ಅದಕ್ಕಿಂತಲೂ ತುಸು ಹೆಚ್ಚು. ಯುವರಾಜನ ಅಪ್ಪಣೆಯಂತೆ ಉತ್ತರ ವೇಲ್ಸಿನವರಿಗೆ ಹಸಿರು ಬಿಳಿ ಬಣ್ಣಗಳ ಅಂಗಿಯೂ ಟೋಪಿಯೂ ಆದುವು. ದಂಡಿಗೆಲ್ಲ ಒಂದೇ ಉಡುಪೆಂಬುದು ಇನ್ನೂ ಇರದಿದ್ದ ಕಾಲವದು. ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿಯೆಂದರೆ, ಅವರೊಡನೆ ಪಾದ್ರಿ, ವೈದ್ಯ, ಧ್ವಜಧಾರಿ, ಆಜ್ಞೆಯನ್ನು ಕೂಗಿ ಸಾರುವವನು, ದುಭಾಷಿ ಇವರೂ ಸಂಬಳದ ಮೇಲೆ ಹೊರಟುದು. ದೊರೆಯ ಮಾತು ಆ ಬಿಲ್ಲಾಳುಗಳಿಗೆ ತಿಳಿಯುತ್ತಿರಲಿಲ್ಲವಷ್ಟೆ!

ಜುಲೈ 12ರಂದು ದಂಡು ನಾರ್ಮಂಡಿಯಲ್ಲಿ ಇಳಿಯಿತು. ಆಗಸ್ಟ್ 26ರಂದು ಕ್ರೆಸಿಯ ಯುದ್ಧ. ಬಾಣಗಳ ಮಳೆಗೆ ಉರುಳಿದ ಫ್ರೆಂಚ್ ಪ್ರಭುಗಳ ನಡುವೆ ವೇಲ್ಸ್, ಕಾರ್ನ್‌ವಾಲ್‌ಗಳ ಕಾಲಾಳುಗಳು ದೊಡ್ಡ ಚೂರಿಗಳನ್ನು ಹಿಡಿದು ನುಗ್ಗಿ, ಸಿಕ್ಕಿದವರನ್ನು ಕೊಂದರೆಂದು ಫ್ರಾಸಾರ್ ಎಂಬ ಇತಿಹಾಸಕಾರನು ಹೇಳುವನು. ದೊರೆಗೆ ಇದರಿಂದ ಅಸಮಾಧಾನವಾಯಿತಂತೆ. ಸೆರೆಸಿಕ್ಕ ಪ್ರಭುವೊಬ್ಬನ ಬಿಡುಗಡೆಯ ಹಣವೆಂದರೆ ಬಹು ದೊಡ್ಡ ಮೊತ್ತ. ಆದರೆ ಅದರಲ್ಲಿ 2 ಪೆನ್ನಿಯ ಆಳಿಗೆ ಬರುವುದೆಷ್ಟು? ಅಲ್ಲಿಂದ ದಂಡು ಕ್ಯಾಲೆ ಪಟ್ಟಣಕ್ಕೆ ಹೋಗಿ, 1347ರ ಆಗಸ್ಟಿನಲ್ಲಿ ಅದು ಶರಣಾಗುವವರೆಗೆ ಮುತ್ತಿಗೆ ಹಾಕಿ ಕುಳಿತಿತು. ಆ ಮುತ್ತಿಗೆಯ ಲೆಕ್ಕದಲ್ಲಿಯೂ ವೇಲ್ಸಿನ ಆಳಿನ ಸಂಬಳ 2 ಪೆನ್ನಿಯೇ.