ಹಸಿರು ಬಟನ್ನಿಗೆ ಕಡ್ಡಿ ಸಿಕ್ಕಿಸುವ ಮುನ್ನ

ನಮ್ಮ ಕಡೆಯ ಪಂಪುಶೆಡ್ಡುಗಳನ್ನು ಇಣುಕಿ ನೋಡಿ. ಸ್ಟಾರ್ಟರಿನ ಹಸಿರು ಬಟನ್ನಿಗೆ ಬೆಂಕಿಕಡ್ಡಿಯೋ, ಅಡಿಕೆ ಸಲಾಕೆಯ ಚೂರೋ ಸಿಕ್ಕಿಸಿಟ್ಟದ್ದು ಅಲ್ಲಲ್ಲಿ ಕಾಣಸಿಗುತ್ತದೆ. ಕರೆಂಟು ಬಂದ ಕೂಡಲೇ ಪಂಪು ತಾನೇ ಚಾಲೂ ಆಗಲಿ ಅಂತ. ನಾನೂ ಹಾಗೆ ಮಾಡಿದವನೇ. 2019ರ ಮಾರ್ಚಿನಲ್ಲಿ ಕರೆಂಟು ಹೋಗಿದ್ದ ಹೊತ್ತು ನೋಡಿ ಗ್ಲ್ಯಾಂಡಿನ ಸೋರಿಕೆ ನಿಲ್ಲಿಸಲು ಬಗ್ಗಿದ್ದೆ. ನಮ್ಮದು ಹಳೇ ಕಪ್ಲಿಂಗ್ ಪಂಪು. ಕಡ್ಡಿಯ ವಿಚಾರ ಮರೆತೇ ಹೋಗಿತ್ತು. ಕರೆಂಟು ಬಂತು. ಹೆಗಲ ಮೇಲಿನ ಬೈರಾಸನ್ನು ಕಪ್ಲಿಂಗು ಎಳೆದು ಸುತ್ತಿಕೊಂಡಿತು. ಕುತ್ತಿಗೆಗೆ ಸುತ್ತಿ ಹಾಕಿಕೊಂಡಿರಲಿಲ್ಲ, ಅದರಿಂದ ಬಚಾವು. ಮೈನ್ ಸ್ವಿಚ್ ತೆಗೆಯಬೇಕಿತ್ತು, ಒಪ್ಪುತ್ತೇನೆ.

ಆಮೇಲೆ ಕುತೂಹಲಕ್ಕೆ ಸ್ಟಾರ್ಟರ್ ಬಿಚ್ಚಿ ಕೂತೆ. ಹಸಿರು ಬಟನ್ ಒತ್ತಿದಾಗ ಒಳಗಿನ ಕಾಯಿಲಿಗೆ ಕರೆಂಟು ಹೋಗಿ ಕಾಂಟ್ಯಾಕ್ಟುಗಳು ಕೂಡುತ್ತವೆ. ಅವುಗಳ ಜೊತೆಗೇ ಹಸಿರು ಬಟನ್ನಿಗೆ ಸಮಾನಾಂತರವಾಗಿ ಇನ್ನೊಂದು ಸಣ್ಣ ಕಾಂಟ್ಯಾಕ್ಟೂ ಕೂಡುತ್ತದೆ. ಬೆರಳು ತೆಗೆದರೂ ಕಾಯಿಲಿಗೆ ಆ ದಾರಿಯಲ್ಲಿ ಕರೆಂಟು ಸಿಗುತ್ತಲೇ ಇರುತ್ತದೆ. ಇದು ಬಾಗಿಲ ಚಿಲಕದ ಹಾಗೆ. ಒಮ್ಮೆ ಹಾಕಿದರೆ ತೆಗೆಯುವ ತನಕ ಹಾಗೇ ಇರುತ್ತದೆ. ಇಂಗ್ಲಿಷಿನವರು ಲ್ಯಾಚ್ ಎನ್ನುವುದೂ ಇದನ್ನೇ. ಕೆಂಪು ಬಟನ್ ಒತ್ತಿದರೆ ಅಥವಾ ಕರೆಂಟು ಹೋದರೆ ಚಿಲಕ ಬಿಚ್ಚುತ್ತದೆ. ಕರೆಂಟು ವಾಪಸು ಬಂದರೂ ಪಂಪು ಸುಮ್ಮನಿರುತ್ತದೆ. ಈ ಮರೆವನ್ನು ಬೇಕೆಂದೇ ಇಟ್ಟದ್ದು. ಕಡ್ಡಿ ಸಿಕ್ಕಿಸುವುದು ಆ ಮರೆವನ್ನೇ ಕಿತ್ತು ಬಿಸಾಡಿದ ಹಾಗೆ.

ರಾತ್ರಿ ಕೊಡುವ ತ್ರೀ ಫೇಸಿಗೆ ಟಾರ್ಚು ಹಿಡಿದು ಹಾವಿನ ದಾರಿಯಲ್ಲಿ ಇಳಿಯುವವನಿಗೆ ಈ ಉಪದೇಶ ರುಚಿಸದು. ನನಗೂ ರುಚಿಸಲಿಲ್ಲ. ಪೇಟೆಯಿಂದ ಒಂದು ಆಟೋಮ್ಯಾಟಿಕ್ ಪೆಟ್ಟಿಗೆ ತಂದೆ. ಒಂದೇ ಮಳೆಗಾಲಕ್ಕೆ ಸತ್ತಿತು. ಬಿಚ್ಚಿದರೆ ಐಸಿಯ ಮೇಲಿನ ನಂಬರು ಉಜ್ಜಿ ತೆಗೆದಿದ್ದರು! ರಿಪೇರಿಗೆ ಕೊಟ್ಟರೆ ಅವನಾದರೂ ಏನು ಮಾಡಬೇಕು? ಪೆಟ್ಟಿಗೆ ಮಾರುವವರು ಸರ್ಕೀಟಿನ ಚಿತ್ರವನ್ನೂ ಕೊಡಲಿ, ಇಲ್ಲವಾದರೆ ನಾವು ಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಒಳಗಿರುವುದು ಬ್ರಹ್ಮವಿದ್ಯೆಯೇನಲ್ಲ. ಎಕಲ್ಸ್ ಮತ್ತು ಜೋರ್ಡನ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1918ರಲ್ಲೇ ಎರಡು ವಾಲ್ವುಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಫ್ಲಿಪ್-ಫ್ಲಾಪ್, ಅಷ್ಟೆ.

ಈಗ ನಾನು ಕಟ್ಟಿಕೊಂಡದ್ದರಲ್ಲಿ ಸಿಡಿ 4001 ಎಂಬ ಒಂದೇ ಐಸಿ. ಅದರೊಳಗೆ ನಾಲ್ಕು ನಾರ್ ಗೇಟುಗಳಿವೆ. ನಾರ್ ಗೇಟಿನ ಬುದ್ಧಿ ಇಷ್ಟೇ: ಒಳಬರುವ ಎರಡರಲ್ಲಿ ಒಂದಕ್ಕಾದರೂ ವೋಲ್ಟೇಜು ಸಿಕ್ಕಿದರೆ ಹೊರಗೆ ಸೊನ್ನೆ. ಎರಡೂ ಸೊನ್ನೆಯಾದರೆ ಮಾತ್ರ ಹೊರಗೆ ವೋಲ್ಟೇಜು. ಎರಡು ಗೇಟು ತೆಗೆದುಕೊಂಡು ಒಂದರ ಹೊರದಾರಿಯನ್ನು ಇನ್ನೊಂದರ ಒಳಕ್ಕೆ, ಇನ್ನೊಂದರದ್ದನ್ನು ಇದರ ಒಳಕ್ಕೆ ಕೊಟ್ಟರೆ ಚಿಲಕ ತಯಾರು. ಉಳಿದ ಎರಡು ಕಾಲುಗಳಲ್ಲಿ ಒಂದು 'ಹಾಕು', ಇನ್ನೊಂದು 'ತೆಗೆ'.

ಟ್ಯಾಂಕಿಯಲ್ಲಿ ಮೂರು ಸ್ಟೀಲು ಸಲಾಕೆ ಇಳಿಸಿದ್ದೇನೆ. ತಳದ್ದಕ್ಕೆ ಪ್ಲಸ್ 12 ವೋಲ್ಟು. ಮೇಲಿನದು 'ತೆಗೆ' ಕಾಲಿಗೆ. ನಡುವಿನದು ಒಣಗಿದಾಗ 'ಹಾಕು' ಅನ್ನಬೇಕು, ಹಾಗಾಗಿ ಮೂರನೇ ಗೇಟಿನಲ್ಲಿ ಅದನ್ನು ತಿರುವುಮುರುವು ಮಾಡಿದ್ದೇನೆ. ಎರಡೂ ಸಲಾಕೆಯ ಕಡೆಯಿಂದ ಮೈನಸ್ಸಿಗೆ 1 ಮೆಗಾ ಓಮಿನ ರೆಸಿಸ್ಟರ್ ಉಂಟು. ನೀರು ನಡುವೆ ಇದ್ದಾಗ ಹಿಂದಿನ ಆಜ್ಞೆಯೇ ನಿಲ್ಲುತ್ತದೆ. ಒಂದೇ ಸಲಾಕೆ ನಂಬಿದರೆ ನೀರಿನ ಅಲೆಗೆ ರಿಲೇ ಟಕಟಕ ಹೊಡೆದುಕೊಳ್ಳುತ್ತದೆ. ನಾಲ್ಕನೇ ಗೇಟು ಖಾಲಿ, ಅದರ ಒಳಕಾಲುಗಳನ್ನು ಮೈನಸ್ಸಿಗೆ ಕಟ್ಟಲೇಬೇಕು. ರಿಲೇಗೆ ನೇರ ಕೊಡಬಾರದು, ಮಧ್ಯೆ ಬಿಸಿ 547 ಟ್ರಾನ್ಸಿಸ್ಟರ್ ಬೇಕು. ಕಾಯಿಲಿಗೆ ಅಡ್ಡವಾಗಿ ಒಂದು ಡಯೋಡೂ.

ಇಲ್ಲೊಂದು ಮೋಸ ಇದೆ. ಕರೆಂಟು ಬಂದ ಕ್ಷಣದಲ್ಲಿ ಗೇಟಿನ ಚಿಲಕ ಯಾವ ಕಡೆಗೆ ಬೀಳುತ್ತದೆಂದು ಹೇಳಲಾಗದು. ಸ್ಟಾರ್ಟರಿನ ಹಾಗೆ ಮರೆಯುವುದನ್ನು ಅದಕ್ಕೆ ನಾವೇ ಕಲಿಸಬೇಕು. ಪ್ಲಸ್ಸಿನಿಂದ 'ತೆಗೆ' ದಾರಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅಲ್ಲಿಂದ ಗೇಟಿನ ಕಾಲಿಗೆ 10 ಕಿಲೋ ಓಮಿನ ಮೂಲಕ ಕೊಟ್ಟೆ. ಕರೆಂಟು ಬಂದು ಸುಮಾರು ಒಂದು ನಿಮಿಷ ಪಂಪು ಏಳುವುದಿಲ್ಲ. 'ಹಾಕು', 'ತೆಗೆ' ಒಟ್ಟಿಗೇ ಬಂದರೆ 'ತೆಗೆ'ಯೇ ಗೆಲ್ಲುವ ಕಡೆಯಿಂದ ರಿಲೇಗೆ ಕೊಟ್ಟದ್ದರಿಂದ ಇದು ಸಾಧ್ಯ. ಆ ನಿಮಿಷದಲ್ಲಿ ಕೈ ತೆಗೆಯಬಹುದು. ಊರಿಗೂ ಲಾಭ. ಮೋಟರು ಏಳುವಾಗ ಮಾಮೂಲಿಗಿಂತ ಆರು ಪಟ್ಟಿನಷ್ಟು ಕರೆಂಟು ಎಳೆಯುತ್ತದೆ. ಕಡ್ಡಿ ಸಿಕ್ಕಿಸಿದ ಎಲ್ಲರ ಪಂಪೂ ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜು ಕುಸಿಯುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟಿತೆಂದು ಲೈನ್‌ಮನ್ನಿಗೆ ಬೈಯುವ ಮೊದಲು ನಮ್ಮ ಶೆಡ್ಡು ನೋಡಿಕೊಳ್ಳೋಣ. ನೆರೆಕರೆಯವರು ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಎರಡು ನಿಮಿಷ ಅಂತ ಹಂಚಿಕೊಳ್ಳಬಹುದು.

ಒಂದೇ ಬಟನ್ನಿನಲ್ಲಿ ಚಾಲೂ-ಬಂದ್ ಮಾಡುವ ಸರ್ಕೀಟೂ ಇದೆ, 4013 ಎಂಬ ಐಸಿಯಲ್ಲಿ. ಮನೆಯ ದೀಪಕ್ಕೆ ಚಂದ. ಪಂಪಿಗೆ ನಾನು ಒಪ್ಪುವುದಿಲ್ಲ. ಗಾಬರಿಯಲ್ಲಿ ಎರಡು ಸಲ ಒತ್ತಿಹೋದರೆ ನಿಂತ ಪಂಪು ಮತ್ತೆ ಹೊರಟೀತು. ಕೆಂಪನ್ನು ಹತ್ತು ಸಲ ಒತ್ತಿದರೂ ಅದು ಬಂದೇ.

ನನ್ನ ಪೆಟ್ಟಿಗೆಯಲ್ಲೂ ಹುಳುಕಿದೆ. ಮೇಲಿನ ಸಲಾಕೆಯ ವಯರು ತುಂಡಾದರೆ 'ತೆಗೆ' ಎನ್ನುವವರೇ ಇಲ್ಲ. ಹೋದ ವರ್ಷ ಇಲಿ ಕಡಿದು ಟ್ಯಾಂಕಿ ರಾತ್ರಿಯಿಡೀ ಉಕ್ಕಿತು. ಈಗ ಮೇಲೆ ಎರಡು ಸಲಾಕೆ, ಬೇರೆ ಬೇರೆ ವಯರು. ಡಿಸಿ ಕೊಟ್ಟ ಸಲಾಕೆಗಳು ಸವೆದು ಪಾಚಿಗಟ್ಟುತ್ತವೆ, ತಿಂಗಳಿಗೊಮ್ಮೆ ಉಜ್ಜುತ್ತೇನೆ. ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಇದ್ದರೆ ಚಿತ್ರ ಸಮೇತ ಬರೆಯಿರಿ.