ಹಿತ್ತಲ ಕೋಳಿಯ ಲೆಕ್ಕ ಯಾರ ಪುಸ್ತಕದಲ್ಲಿದೆ?



ನಿಮಗೆ ಎಷ್ಟು ಎಕರೆ ರಾಗಿ ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಸೊಸೈಟಿ ಬಾಕಿ ಎಷ್ಟು ಎಂದರೆ ಅದೂ ನಾಲಿಗೆ ತುದಿಯಲ್ಲೇ ಇರುತ್ತೆ. ಹಿತ್ತಲಲ್ಲಿ ಎಷ್ಟು ಕೋಳಿ ಇವೆ ಎಂದು ಕೇಳಿದರೆ? ತಲೆ ಕೆರೆದುಕೊಂಡು, ಅಡಿಗೆಮನೆ ಕಡೆ ತಿರುಗಿ, "ಏನಮ್ಮೀ, ಎಷ್ಟವೆ?" ಎಂದು ಕೂಗುತ್ತೀರಿ. ನಾನೂ ಹಾಗೇ ಕೂಗಿಕೊಂಡು ಬಂದವನು. ಕೋಳಿ ಹೆಂಗಸರ ಬಾಬ್ತು, ಅದು ವ್ಯವಸಾಯ ಅಲ್ಲ, ಅಂತ ನಮ್ಮಪ್ಪ ಹೇಳಿದ್ದ, ನಾನೂ ನಂಬಿದ್ದೆ. ಈ ಸಲ ದೀಪಾವಳಿ ಮಾರನೇ ದಿನ ಮಗಳ ಹಳೇ ನೋಟುಬುಕ್ಕಿನಲ್ಲಿ ನಮ್ಮ ಮನೆಯಾಕೆ ಬರೆಸಿಟ್ಟ ಕೋಳಿ ಲೆಕ್ಕ ನೋಡಿದ ಮೇಲೆ ನನ್ನ ಮುಖಕ್ಕೇ ಯಾರೋ ಹೊಡೆದ ಹಾಗಾಯಿತು. ಆ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಈ ಕಾಲದ ಮಾತು. ಕಾರ್ತಿಕ ಮುಗಿಯುತ್ತ ಬಂತು. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಇಬ್ಬನಿ, ಮಂಕರಿ ಎತ್ತಿದರೆ ನೆಲದ ತುಂಬ ಪುಕ್ಕ. ಕೋಳಿಗಳು ಹಳೇ ಗರಿ ಉದುರಿಸಿ ಬೋಳು ಕತ್ತು ಹೊತ್ತು ಓಡಾಡುತ್ತಿವೆ. ಮೊಟ್ಟೆ ನಿಂತಿದೆ. "ಯಾರದೋ ಕಣ್ಣು ಬಿತ್ತು" ಎಂದು ಮೆಣಸಿನಕಾಯಿ ನಿವಾಳಿಸುವವರಿದ್ದಾರೆ. ಕಣ್ಣೂ ಅಲ್ಲ, ಕಾಟವೂ ಅಲ್ಲ. ಕೋಳಿ ಮೊಟ್ಟೆ ಇಡುವುದು ಹಗಲಿನ ಬೆಳಕು ನೋಡಿಕೊಂಡು. ಜೂನ್‌ನಲ್ಲಿ ನಮ್ಮ ಸೀಮೆಯ ಹಗಲು ಹದಿಮೂರು ಗಂಟೆಯ ಹತ್ತಿರ ಇದ್ದರೆ, ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಗೂ ಕಡಿಮೆ. ಈ ಒಂದೂವರೆ ಗಂಟೆ ಬೆಳಕು ಕಡಿಮೆಯಾಗುವ ಹೊತ್ತಿಗೆ ಕೋಳಿ ತಿಂದದ್ದನ್ನು ಹೊಸ ಗರಿಗೆ ಹಾಕುತ್ತದೆ, ಮೊಟ್ಟೆಗಲ್ಲ. ದೊಡ್ಡ ಫಾರಂನವರು ದೀಪ ಹಾಕಿ ದಿನಕ್ಕೆ ಹದಿನಾರು ಗಂಟೆ ಬೆಳಕು ತೋರಿಸಿ ಅದನ್ನು ಮೋಸ ಮಾಡುತ್ತಾರೆ. ನಾಟಿ ಕೋಳಿಗೆ ಆ ಹಿಂಸೆ ಬೇಡ ಅನ್ನುವವನು ನಾನು. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟು, ಕಾವು ಕೂತು, ಮರಿ ಮಾಡಿ ಸಾಕಿ, ಅದೂ ಎರಡು ತಿಂಗಳು ಸುಧಾರಿಸಿಕೊಳ್ಳಲಿ. ನಮ್ಮ ಮನೆಯಾಕೆಗೆ ಅಷ್ಟು ರಜವೂ ಇಲ್ಲ.

ಆದರೆ ವ್ಯಾಪಾರದ ಚಮತ್ಕಾರ ನೋಡಿ. ಚಳಿ ಬಿತ್ತೆಂದರೆ ಪೇಟೆಯಲ್ಲಿ ಮೊಟ್ಟೆ ಬೆಲೆ ಏರುತ್ತದೆ. ಬೆಲೆ ಏರುವ ಹೊತ್ತಿಗೆ ನಮ್ಮ ಹತ್ತಿರ ಮೊಟ್ಟೆ ಇರುವುದಿಲ್ಲ. ನಮ್ಮ ಹತ್ತಿರ ಇರುವುದು ಕೋಳಿ. ಅದನ್ನು ಮಾರೋಣ ಎಂದು ಸಂತೆಗೆ ಹೋದರೆ ಕಾರ್ತಿಕ! ಸೋಮವಾರ ಒಪ್ಪೊತ್ತು, ಶನಿವಾರ ದೇವರು. ಕಳೆದ ವರ್ಷ ಇದೇ ದಿನಗಳಲ್ಲಿ ನಮ್ಮಾಕೆ ಆರು ಕೋಳಿ ಹಿಡಿದುಕೊಂಡು ಸಂತೆಗೆ ಹೋದಳು. ನಾನೂ ಜೊತೆಗಿದ್ದೆ. ವ್ಯಾಪಾರಿ ಕಾಲು ಹಿಡಿದು ತಲೆಕೆಳಗು ಎತ್ತಿ, ಎರಡು ಸಲ ಕುಲುಕಿ, "ಒಂದು ಕೇಜಿ ಬತ್ತದೆ ಬಿಡಕ್ಕ, ಕಾರ್ತಿಕದಾಗೆ ಯಾರ್ ತಿಂತಾರೆ, ಮುನ್ನೂರು ತಗಾ" ಅಂದ. ಬೆಳಿಗ್ಗೆ ಅಂಗಡಿ ತಕ್ಕಡಿಯಲ್ಲಿ ನಾವೇ ತೂಗಿದ್ದೆವು. ಒಂದೂವರೆ ಕೇಜಿಗೆ ಗುಲಗಂಜಿ ಕಮ್ಮಿ ಇರಲಿಲ್ಲ. ತೂಗಪ್ಪ ಅಂದರೆ, "ನಂಬಿಕೆ ಇಲ್ದಿದ್ರೆ ಮನೆಗೆ ತಗಂಡೋಗಕ್ಕ" ಅಂದ. ವಾರದ ಕಂತು ಕಟ್ಟುವ ದಿನ ಮಾರನೇ ದಿನ. ಮನೆಗೆ ತಗಂಡು ಹೋಗಲು ಆಗುತ್ತದೆಯೇ? ಕೊಟ್ಟು ಬಂದೆವು. ಅದೇ ಕೋಳಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ 'ನಾಟಿ ಸ್ಟೈಲ್' ಎಂದು ಬೋರ್ಡು ಹಾಕಿಸಿಕೊಂಡು ಪ್ಲೇಟಿನ ಲೆಕ್ಕದಲ್ಲಿ ಹೋಗುತ್ತದೆ. ಅಲ್ಲಿ ಕಾರ್ತಿಕ ಇಲ್ಲ.

ಮೊಟ್ಟೆ ಫಾರಂನವರನ್ನು ನೋಡಿ ಕಲಿಯಬೇಕಾದ್ದು ಒಂದಿದೆ. ದಲ್ಲಾಳಿಗಳು ಹೇಳಿದ್ದೇ ಬೆಲೆ ಎಂಬ ಕಾಲದಲ್ಲಿ ಅವರು ಸುಮ್ಮನೆ ಕೂರಲಿಲ್ಲ. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿಕೊಂಡು, ಮೊಟ್ಟೆಯ ಬೆಲೆಯನ್ನು ತಾವೇ ಸಾರುವುದಕ್ಕೆ ಶುರು ಮಾಡಿದರು. ಆ ಸಮಿತಿಯ ಒಳಗೆ ದೊಡ್ಡವರ ಮಾತೇ ನಡೆಯುತ್ತದೋ, ಸಣ್ಣವರ ಮಾತೂ ನಡೆಯುತ್ತದೋ, ಅದು ಬೇರೆ ಚರ್ಚೆ. ಬೆಲೆ ಹೇಳುವ ಬಾಯಿ ಮಾಲು ಇರುವವನ ಕಡೆಗೆ ತಿರುಗಿತಲ್ಲ, ಅದು ದೊಡ್ಡದು. ನಾಟಿ ಕೋಳಿಯ ಬೆಲೆಯನ್ನು ಯಾರು ಸಾರುತ್ತಾರೆ? ಕಾಲು ಹಿಡಿದು ಕುಲುಕುವವನು!

ಈಗ ನೋಟುಬುಕ್ಕಿನ ಲೆಕ್ಕ. ಒಂಬತ್ತು ಹೇಂಟೆ, ಒಂದು ಹುಂಜ. 2023ರ ದೀಪಾವಳಿಯಿಂದ 2024ರ ದೀಪಾವಳಿವರೆಗೆ ಇಟ್ಟ ಮೊಟ್ಟೆ 430. ಅದರಲ್ಲಿ ಕಾವಿಗೆ ಇಟ್ಟಿದ್ದು 150. ಇಪ್ಪತ್ತೊಂದು ದಿನಕ್ಕೆ ಒಡೆದು ಬಂದ ಮರಿ 118. ಹದ್ದು, ಮುಂಗುಸಿ, ಕಬ್ಬೆಕ್ಕು, ಚಳಿ, ರೋಗ ಎಲ್ಲವೂ ತಮ್ಮ ತಮ್ಮ ಕಂದಾಯ ವಸೂಲು ಮಾಡಿಕೊಂಡ ಮೇಲೆ ಉಳಿದು ಬೆಳೆದದ್ದು 52. ಮಾರಿದ್ದು 40, ಸರಾಸರಿ ನಾನೂರರಂತೆ 16,000 ರೂಪಾಯಿ. ಹತ್ತು ರೂಪಾಯಿಯಂತೆ 160 ಮೊಟ್ಟೆ ಮಾರಿ 1,600. ಒಟ್ಟು 17,600. ಉಳಿದದ್ದು ಮನೆಯಲ್ಲಿ ತಿಂದಿದ್ದೇವೆ, ನೆಂಟರಿಗೆ ಸಾರು ಮಾಡಿದ್ದೇವೆ.

ಈ ಹಣ ಎಲ್ಲಿ ಹೋಯಿತು? ಮೋಟಾರು ಸುಟ್ಟಾಗ ನಮ್ಮಾಕೆಯ ಹೆಸರಿನಲ್ಲಿ ವಾರದ ಸಂಘದಿಂದ ಸಾಲ ಎತ್ತಿದ್ದೆವು. ಮೋಟಾರು ಹೊಲದ್ದು, ಸಾಲ ಅವಳದ್ದು. ವಾರಕ್ಕೆ 850 ರೂಪಾಯಿ. ಲೆಕ್ಕ ಹಾಕಿ: ಇಪ್ಪತ್ತು ವಾರದ ಕಂತನ್ನು ಕೋಳಿ ಕಟ್ಟಿದೆ. ಸಾಲ ವಸೂಲಿಯ ಕಿರುಕುಳಕ್ಕೆ ಹೆದರಿ ಹಳ್ಳಿ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿಕೊಂಡು ಹೋದದ್ದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದಕ್ಕೆ ಸುಗ್ರೀವಾಜ್ಞೆ ತಂದದ್ದು ನಿಮಗೆ ಗೊತ್ತು. ಸುಗ್ರೀವಾಜ್ಞೆ ಬರುವ ತನಕ ನಮ್ಮ ಬಾಗಿಲಿಗೆ ಬೀಗ ಬೀಳದ ಹಾಗೆ ನೋಡಿಕೊಂಡದ್ದು ಸರ್ಕಾರವಲ್ಲ, ನಾನೂ ಅಲ್ಲ. ಒಂಬತ್ತು ಹೇಂಟೆ.

ಪಕ್ಕದಲ್ಲೇ ನನ್ನ ರಾಗಿ ಲೆಕ್ಕ ಇಡಿ. 2024-25ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ರಾಗಿ ಕೊಯ್ಲಾಗುವುದು ನವೆಂಬರ್-ಡಿಸೆಂಬರಿನಲ್ಲಿ. ಖರೀದಿ ಕೇಂದ್ರ ಸಾಮಾನ್ಯವಾಗಿ ಬಾಗಿಲು ತೆಗೆಯುವುದು ಹೊಸ ವರ್ಷ ಕಳೆದ ಮೇಲೆ. ನಡುವೆ ಕೂಲಿಯವರಿಗೆ, ಮಿಷಿನ್ನಿನವರಿಗೆ, ಗೊಬ್ಬರದ ಅಂಗಡಿಗೆ ಕೊಡಬೇಕಲ್ಲ? ಹನ್ನೆರಡು ಕ್ವಿಂಟಲ್ ರಾಗಿಯನ್ನು ಮನೆ ಬಾಗಿಲಿಗೆ ಬಂದವನಿಗೆ 3,300ರಂತೆ ಅಳೆದು ಕೊಟ್ಟೆ. ಕ್ವಿಂಟಲಿಗೆ 990 ರೂಪಾಯಿ ಖೋತ. ಹನ್ನೆರಡಕ್ಕೆ 11,880. ಅಂದರೆ ಹಿತ್ತಲಲ್ಲಿ ಬಂದ 17,600ರಲ್ಲಿ ಮೂರರಲ್ಲಿ ಎರಡು ಪಾಲು ನನ್ನ ರಾಗಿ ಹೊಲದ ಹಳ್ಳ ಮುಚ್ಚುವುದಕ್ಕೇ ಹೋಯಿತು. 2025-26ಕ್ಕೆ ಬೆಂಬಲ ಬೆಲೆಯನ್ನು 4,886 ಮಾಡಿದರು. ಬೆಲೆ ಏರಿಸಿದ್ದು ಸಂತೋಷ. ಬಾಗಿಲು ಯಾವಾಗ ತೆಗೀತೀರಿ ಸ್ವಾಮಿ ಎನ್ನುವುದು ನಮ್ಮ ಪ್ರಶ್ನೆ.

ಇನ್ನೊಂದು ಲೆಕ್ಕ ಉಳಿದಿದೆ. ಅದು ನನಗೆ ಹೇಳಲು ನಾಚಿಕೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೋಳಿ ಕೆಲಸ. ಗೂಡು ಗುಡಿಸಿ ಬೂದಿ ಹಾಕುವುದು, ನೀರು ಬದಲಿಸುವುದು, ನುಚ್ಚು ಎರಚುವುದು, ಹಳೇ ಮಡಕೆಗೆ ಸಗಣಿ, ಒದ್ದೆ ಹುಲ್ಲು ತುಂಬಿ ಹೊಲದ ಬದುವಿನಲ್ಲಿ ಬೋರಲು ಹಾಕಿ ಬೆಳಿಗ್ಗೆಗೆ ಗೆದ್ದಲು ಹಿಡಿದು ತಂದು ಮರಿಗೆ ಉದುರಿಸುವುದು, ಸಂಜೆ ಎಣಿಸಿ ಮುಚ್ಚುವುದು. ದಿನಕ್ಕೆ ಒಂದು ಗಂಟೆಯಾದರೆ ವರ್ಷಕ್ಕೆ 365 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ 45 ದಿನ ದಾಟುತ್ತದೆ. 2024-25ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 349 ರೂಪಾಯಿ ಇತ್ತು. 45 ದಿನಕ್ಕೆ 15,705. ಹದಿನೇಳು ಸಾವಿರದ ಆರುನೂರರಲ್ಲಿ ಇದನ್ನು ಕಳೆದರೆ ಉಳಿಯುವುದು 1,895 ರೂಪಾಯಿ. ನುಚ್ಚು, ಔಷಧಿ ಖರ್ಚು ಇನ್ನೂ ಕಳೆದಿಲ್ಲ.

ಹಾಗಾದರೆ ಕೋಳಿಯಲ್ಲಿ ಲಾಭ ಎಲ್ಲಿ ಬಂತು? ಲಾಭ ಇಲ್ಲ ಬಂಧುಗಳೇ. ನಾವು ಲಾಭ ಎಂದು ಕರೆದದ್ದು ನಮ್ಮ ಹೆಂಗಸರ ಕೂಲಿ. ಆ ಕೂಲಿಯನ್ನು ಅವರ ಕೈಗೆ ಕೊಡದೆ ರಾಗಿಯ ನಷ್ಟಕ್ಕೆ ಸುರಿದಿದ್ದೇವೆ. ಪೇಟೆಯವರು ಅಗ್ಗದ ರಾಗಿ ಮುದ್ದೆ ತಿನ್ನುತ್ತಿದ್ದಾರೆಂದರೆ ಅದಕ್ಕೆ ಸಬ್ಸಿಡಿ ಕೊಡುತ್ತಿರುವುದು ಸರ್ಕಾರವಲ್ಲ, ನಮ್ಮ ಹಿತ್ತಲು. ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರೈತ ಆಯೋಗ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಬೆಲೆ ಕೊಡಿ ಎಂದು 2006ರಲ್ಲೇ ಹೇಳಿತು. ವೈಜ್ಞಾನಿಕ ಬೆಲೆ ಕೊಡಿ ಎಂದು ನಾವು ಅದಕ್ಕೂ ಮೊದಲಿಂದ ಗಂಟಲು ಹರಿದುಕೊಂಡಿದ್ದೇವೆ. ಕೂಗುವಾಗ ನಮ್ಮ ಮನೆಯ ಲೆಕ್ಕವಾದರೂ ನಮಗೆ ಗೊತ್ತಿರಬೇಡವೇ? ಅಧಿಕಾರಿ ನಮ್ಮ ಹೆಂಗಸರ ದುಡಿಮೆಯನ್ನು ಬಿಟ್ಟ ಎಂದು ಬೈಯುವ ಮೊದಲು, ನಾವು ಬರೆದುಕೊಂಡಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಬೈಯಬೇಡಿ ಎಂದು ನಾನು ಹೇಳುತ್ತಿಲ್ಲ!

ಕೋಳಿ ಮೇಯುವ ಜಾಗವೂ ಹೋಗುತ್ತಿದೆ. ಹಿಂದೆ ಕಣದಲ್ಲಿ ರಾಗಿ ಒಕ್ಕಿದರೆ ತಿಂಗಳೊಪ್ಪತ್ತು ಕೋಳಿಗೆ ಹಬ್ಬ. ಈಗ ಮಿಷಿನ್ನು ಹೊಲದಲ್ಲೇ ಕೊಯ್ದು ಕಾಳು ಉಗುಳುತ್ತದೆ, ಇಲ್ಲವೇ ಟಾರು ರಸ್ತೆಯೇ ಕಣ. ಅಲ್ಲಿ ಮೇಯಲು ಹೋದ ಕೋಳಿ ಲಾರಿಗೆ ಸಿಗುತ್ತದೆ. ಒಂದು ಮೂಟೆ ತೂರಿದ ರಾಗಿಯನ್ನಾದರೂ ಹಿತ್ತಲಿಗೆ ತಂದು ಹಾಕಿ. ಚಳಿಗಾಲದ ಮರಿಗೆ ಮೈಯಲ್ಲಿ ಬಿಸಿ ನಿಲ್ಲಬೇಕಾದರೆ ಕಾಳು ಬೇಕು.

ರೋಗದ ವಿಷಯ. ಕೊಕ್ಕರೆ ರೋಗ ಬಂದರೆ ಬಿಳಿ-ಹಸಿರು ಉಚ್ಚಿಕೊಂಡು, ಬಾಯಿ ತೆರೆದು ಉಸಿರೆಳೆದು, ಕತ್ತು ತಿರುಚಿ ಬೀಳುತ್ತವೆ. ನಮ್ಮ ಹಿತ್ತಲಲ್ಲಿ ಮೂರು ವರ್ಷದ ಹಿಂದೆ ನಾಲ್ಕು ದಿನದಲ್ಲಿ ಮೂವತ್ತೊಂದು ಹೋದವು. ಬಂದ ಮೇಲೆ ಮದ್ದಿಲ್ಲ. ಬರುವ ಮೊದಲು ಲಸಿಕೆ ಇದೆ: ಮರಿಗೆ ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟು ವಾರಕ್ಕೆ ರೆಕ್ಕೆಯ ಅಡಿ ಆರ್‌ಟುಬಿ ಚುಚ್ಚುಮದ್ದು. ನಮ್ಮ ಹೆಬ್ಬಾಳದ ಸಂಸ್ಥೆಯಲ್ಲೇ ಲಸಿಕೆ ತಯಾರಾಗುತ್ತದೆ. ಹಾಗಾದರೆ ಹಳ್ಳಿ ಕೋಳಿ ಯಾಕೆ ಸಾಯುತ್ತದೆ? ಸೀಸೆ ನೂರು ಕೋಳಿಯದು! ನೀರು ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಐಸು ಹಾಕಿದ ಫ್ಲಾಸ್ಕಿನಲ್ಲೇ ಇರಬೇಕು. ಒಂಬತ್ತು ಕೋಳಿಯವಳು ಹೋಗಿ ಕೇಳಿದರೆ, "ನೂರು ಕೋಳಿ ಸೇರಿಸ್ಕೊಂಡು ಬಾರಮ್ಮ" ಎಂದು ಕಳಿಸಿದರು. ಆ ನೌಕರನನ್ನು ಬೈದು ನನ್ನ ಸಿಟ್ಟು ತೀರಿಸಿಕೊಂಡೆ. ಆಮೇಲೆ ಯೋಚಿಸಿದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜ. ಸೀಸೆಯನ್ನು ಸಣ್ಣದು ಮಾಡಿ ಎಂದು ನಾವು ಸರ್ಕಾರವನ್ನು ಕೇಳಲೇಬೇಕು. ಮಾಡುವ ತನಕ ನೂರು ಕೋಳಿ ಸೇರಿಸುವುದು ನಮ್ಮ ಕೈಲಿದೆ. ಹೋದ ವರ್ಷ ಹದಿನಾಲ್ಕು ಮನೆ ಸೇರಿದೆವು. ಬೆಳಗಿನ ಜಾವ ಐದು ಗಂಟೆಗೆ, ಗೂಡು ಬಿಡುವ ಮೊದಲು. ಒಮ್ಮೆ ಬಿಟ್ಟರೆ ಆ ದೇವರೇ ಬಂದರೂ ಹಿಡಿಯಲಾರ. 160 ಕೋಳಿಗೆ ಚುಚ್ಚಿಸಿದೆವು. ಆಮೇಲೆ ಪಕ್ಕದೂರಿಗೆ ರೋಗ ಬಂತು, ನಮ್ಮ ಹದಿನಾಲ್ಕು ಮನೆಗೆ ಬರಲಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಶೆಡ್ಡು ಕಟ್ಟಿ ಫಾರಂ ಮಾಡಿ, ಕಂಪನಿಯವರೇ ಮರಿ ಕೊಡ್ತಾರೆ, ಆಹಾರ ಕೊಡ್ತಾರೆ, ಔಷಧಿ ಕೊಡ್ತಾರೆ ಎನ್ನುವವರು ಊರೂರಿಗೆ ಬರುತ್ತಿದ್ದಾರೆ. ನಮ್ಮ ನೆಂಟನೊಬ್ಬ ಜಮೀನು ಅಡ ಇಟ್ಟು ಶೆಡ್ಡು ಕಟ್ಟಿದ. ಮರಿ ಅವರದು, ಮೇವು ಅವರದು, ತೂಕ ಅವರದು, ಲೆಕ್ಕ ಅವರದು. ಇವನದು ಶೆಡ್ಡು, ಕರೆಂಟು, ನೀರು, ನಿದ್ದೆಗೆಟ್ಟ ರಾತ್ರಿ ಮತ್ತು ಬ್ಯಾಂಕಿನ ಸಾಲ. ಕೋಳಿಗೆ ನಲವತ್ತು ದಿನ ಆದ ಮೇಲೂ ಗಾಡಿ ಕಳಿಸದೆ ಒಂದು ವಾರ ಬಿಟ್ಟರು. ಆ ವಾರದಲ್ಲಿ ತಿಂದ ಮೇವಿಗೆ ತಕ್ಕ ತೂಕ ಬರಲಿಲ್ಲ ಎಂದು ಕೂಲಿ ಕತ್ತರಿಸಿದರು. ತನ್ನ ಜಮೀನಿನಲ್ಲಿ ತಾನೇ ಕೂಲಿಯಾದ. 2020ರ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಹಬ್ಬಿ ಫಾರಂ ಕೋಳಿಯ ಬೆಲೆ ನೆಲ ಕಚ್ಚಿದಾಗ, ಮೇವು ಹಾಕಲಾರದೆ ಜೀವಂತ ಹೂತವರನ್ನು ನಮ್ಮ ರಾಜ್ಯದಲ್ಲೇ ಕಂಡಿದ್ದೇವೆ. ಫಾರಂ ಮಾಡುವವರನ್ನು ನಾನು ಹಳಿಯುತ್ತಿಲ್ಲ, ಲೆಕ್ಕ ಗೊತ್ತಿದ್ದು ಗೆದ್ದವರೂ ಇದ್ದಾರೆ. ಆದರೆ ಸಾಲವಿಲ್ಲದ ಒಂಬತ್ತು ಕೋಳಿಯನ್ನು ಮಾರಿ ಸಾಲದ ಮೂರು ಸಾವಿರ ಕೋಳಿ ಕಟ್ಟಿಕೊಳ್ಳುವ ಮೊದಲು ಕರಾರು ಪತ್ರವನ್ನು ಓದಬಲ್ಲವರ ಕೈಲಿ ಎರಡು ಸಲ ಓದಿಸಿ. ಗಾಡಿ ತಡವಾದರೆ ನಷ್ಟ ಯಾರದು ಎಂದು ಅದರಲ್ಲಿ ಬರೆದಿದೆಯಾ, ಕೇಳಿ.

ಮೊಟ್ಟೆ ಹೆಚ್ಚು ಬೇಕು ಎನ್ನುವವರಿಗೆ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ, ಸ್ವರ್ಣಧಾರ ತಳಿಗಳಿವೆ. ಹಿತ್ತಲಿಗೆ ಹೊಂದುತ್ತವೆ. ಆದರೆ ಕಾವು ಕೂರುವುದಕ್ಕೆ ನಾಟಿ ಹೇಂಟೆಯೇ ಬೇಕು, ಎರಡನ್ನಾದರೂ ಉಳಿಸಿಕೊಳ್ಳಿ.

ಈ ಸಲ ನಮ್ಮ ಹದಿನಾಲ್ಕು ಮನೆಯವರು ಒಂದು ಕಟ್ಟು ಮಾಡಿಕೊಂಡಿದ್ದೇವೆ. ಕಾರ್ತಿಕ ಕಳೆಯುವ ತನಕ ಹುಂಜ ಬಿಟ್ಟು ಬೇರೆ ಮಾರುವುದಿಲ್ಲ. ಕಂತು ಕಟ್ಟಲಾಗದ ಮನೆಗೆ ಉಳಿದವರು ಕೈಗಡ ಕೊಡುವುದು, ಬಡ್ಡಿ ಇಲ್ಲ. ಮಾರ್ಗಶಿರದ ಮೊದಲ ಸಂತೆಗೆ ಎಲ್ಲರ ಕೋಳಿಯೂ ಒಂದೇ ಗಾಡಿಯಲ್ಲಿ ಹೋಗುತ್ತದೆ. ಗಾಡಿಯಲ್ಲಿ ಒಂದು ತಕ್ಕಡಿಯೂ ಇರುತ್ತದೆ. ತೂಗಿಸಿ ಕೊಳ್ಳುವವರಿಗೆ ಮಾತ್ರ ಕೊಡುವುದು, ದುಡ್ಡು ಹೆಂಗಸರ ಕೈಗೇ. ವ್ಯಾಪಾರಿಗಳಿಗೆ ಈಗಲೇ ಸುದ್ದಿ ಮುಟ್ಟಿದೆ, ಗೊಣಗುತ್ತಿದ್ದಾರಂತೆ. ನಿಮ್ಮೂರ ಸಂತೆ ಯಾವ ವಾರ? ತಕ್ಕಡಿ ಬೇಕಾದರೆ ಹೇಳಿಕಳಿಸಿ, ನಮ್ಮದು ಸೋಮವಾರ ಸಂಜೆ ಮೇಲೆ ಖಾಲಿ ಇರುತ್ತದೆ.