ಕರಿಕೋಟಿನ ಪಟ್ಟಿ, ಬಿಳಿಕೋಟಿನ ಬಹಿಷ್ಕಾರ

ಲಾ ಕಾಲೇಜಿಗೆ ಹೋಗುವ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಮೊನ್ನೆ ರಾತ್ರಿ ಊಟ ಮುಗಿದ ಮೇಲೆ ಒಂದು ಪಟ್ಟಿ ತಂದು ನಮ್ಮ ಮುಂದೆ ಹಾಕಿದ. ಇಂಗ್ಲೆಂಡಿನ ಬ್ಯಾರಿಸ್ಟರುಗಳ ಪಟ್ಟಿ. ಅಲ್ಲಿ ಛೇಂಬರ್ಸ್, ಲೀಗಲ್ 500 ಅಂತ ಡೈರೆಕ್ಟರಿಗಳಿವೆ. ವರ್ಷಾವರ್ಷ ವಕೀಲರನ್ನು ತೂಗಿ, ಅಳೆದು, ಯಾರು ಮೇಲು ಯಾರು ಕೆಳಗು ಅಂತ ಬರೀತಾವೆ. ಬ್ಯಾಂಡ್ ಒಂದು, ಬ್ಯಾಂಡ್ ಎರಡು, ಬ್ಯಾಂಡ್ ಮೂರು. ನಮಗೆ ನಗು ಬಂತು. ಈ ಮೆಟ್ಟಿಲುಗಳನ್ನು ನಾವು ಎಲ್ಲೋ ನೋಡಿದ್ದೇವಲ್ಲ!

ಗೆಳೆಯ ತೋರಿಸಿದ್ದು ಅದರಲ್ಲಿ 'ವೃತ್ತಿ ಶಿಸ್ತು' ಅನ್ನುವ ಭಾಗ. ಡಾಕ್ಟರು, ನರ್ಸು, ವಕೀಲ, ಲೆಕ್ಕಿಗ ತಪ್ಪು ಮಾಡಿದರೆ ಅವರವರ ಮಂಡಳಿ ವಿಚಾರಣೆ ನಡೆಸುತ್ತದೆ. ಆ ವಿಚಾರಣೆಯಲ್ಲಿ ವಾದ ಮಾಡೋದರಲ್ಲೇ ಪಳಗಿದ ಬ್ಯಾರಿಸ್ಟರುಗಳು ಇವರು. "ದೊಡ್ಡ ಕಸುಬು, ದೊಡ್ಡ ಹೆಸರು" ಅಂದ ಗೆಳೆಯ. ಇರಲಿ. ಆದರೆ ಈ ದೊಡ್ಡ ಹೆಸರುಗಳು ಯಾರ ಪಕ್ಕದಲ್ಲಿ ನಿಲ್ಲುತ್ತವೆ, ಯಾರ ಪಕ್ಕದಲ್ಲಿ ನಿಲ್ಲುವುದಿಲ್ಲ ಅಂತ ನಾವು ಕೇಳಿದೆವು. ಆ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಇದನ್ನು ಬರೀತಿದ್ದೇವೆ.

ಇಂಗ್ಲೆಂಡಿನ ವೈದ್ಯರ ಮಂಡಳಿ ಹುಟ್ಟಿದ್ದು 1858ರಲ್ಲಿ. ಅದರ ಕೈಯಲ್ಲಿ ಒಂದು ರಿಜಿಸ್ಟರು. ಅದರಲ್ಲಿ ಹೆಸರಿದ್ದವನು ಡಾಕ್ಟರು. ಹೆಸರು ಹೊಡೆದುಹಾಕಿದರೆ ಅವನು ಯಾರೂ ಅಲ್ಲ. ಐದು ವರ್ಷ ತುಂಬುವ ತನಕ ಮತ್ತೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕುವಂತೆಯೂ ಇಲ್ಲ. ನಮ್ಮ ಹಳ್ಳಿ ಚಾವಡಿಯಲ್ಲಿ ಯಜಮಾನರು ಕೂತು, ಕುಲದಿಂದ ಹೊರಗೆ ಹಾಕಿ, ನೀರು ಬೆಂಕಿ ನಿಲ್ಲಿಸುತ್ತಾರಲ್ಲ, ಅದರ ಇಂಗ್ಲಿಷು ರೂಪ ಇದು. ನಾವು ಸುಮ್ಮನೆ ಹೋಲಿಕೆ ಕಟ್ಟುತ್ತಿಲ್ಲ. 1993ರಲ್ಲಿ ಬೋಲ್ಟನ್ ಅನ್ನುವ ಸಾಲಿಸಿಟರನ ಕೇಸಿನಲ್ಲಿ ಬಿಂಗಮ್ ಅನ್ನುವ ನ್ಯಾಯಾಧೀಶರು ಒಂದು ಸೂತ್ರ ಹೇಳಿದರು. ವೃತ್ತಿಯ ಒಟ್ಟು ಮರ್ಯಾದೆ ದೊಡ್ಡದು, ಅದರೊಳಗಿನ ಒಬ್ಬನ ಬದುಕು ಅದಕ್ಕಿಂತ ಸಣ್ಣದು ಅನ್ನುವುದು ಅದರ ಅರ್ಥ. ಅಲ್ಲಿಂದೀಚೆಗೆ ಈ ಬ್ಯಾರಿಸ್ಟರುಗಳ ಬಾಯಲ್ಲಿ ಆ ಸೂತ್ರ ಮಂತ್ರವಾಗಿದೆ. ಕುಲದ ಮರ್ಯಾದೆ! ಆ ಮಾತಿನ ಹೆಸರಲ್ಲಿ ಯಾರ ಯಾರ ತಲೆ ಉರುಳಿದೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈಗ ಲೆಸ್ಟರ್ ಊರಿನ ಆಸ್ಪತ್ರೆಗೆ ಬನ್ನಿ. 2011ರ ಫೆಬ್ರುವರಿ 18. ಜಾಕ್ ಆಡ್‌ಕಾಕ್ ಅನ್ನುವ ಆರು ವರ್ಷದ ಹುಡುಗ, ಡೌನ್ಸ್ ಸಿಂಡ್ರೋಮ್ ಇದ್ದ ಮಗು, ನಂಜು ಏರಿ ಸತ್ತುಹೋದ. ನೋಡಿಕೊಂಡ ಡಾಕ್ಟರು ಹದಿಜಾ ಬಾವಾ-ಗಾರ್ಬಾ, ನೈಜೀರಿಯಾ ಮೂಲದ ಕಪ್ಪು ಹೆಣ್ಣುಮಗಳು. ಹೆರಿಗೆ ರಜೆ ಮುಗಿಸಿ ಆಗತಾನೇ ಕೆಲಸಕ್ಕೆ ಮರಳಿದ್ದಳು. ಇರಬೇಕಾದ ಡಾಕ್ಟರುಗಳು ಇರಲಿಲ್ಲ, ಅವರ ಕೆಲಸವೂ ಇವಳ ತಲೆ ಮೇಲೆ. ಕಂಪ್ಯೂಟರು ಗಂಟೆಗಟ್ಟಲೆ ಕೆಟ್ಟು ಕೂತು ರಕ್ತಪರೀಕ್ಷೆಯ ಫಲಿತಾಂಶ ತಡವಾಯಿತು. ಅವಳೂ ತಪ್ಪು ಮಾಡಿದಳು, ಸಣ್ಣ ತಪ್ಪಲ್ಲ. ಆ ವಾರ್ಡಿನಲ್ಲಿ ಏಜೆನ್ಸಿಯಿಂದ ಬಂದ ಒಬ್ಬ ನರ್ಸ್ ಇದ್ದಳು. ಅಂದರೆ ದಿನಗೂಲಿಯ ಹಾಗೆ, ಕರೆದಾಗ ಬರುವವಳು. ಅವಳೂ ತಪ್ಪು ಮಾಡಿದಳು.

2015ರ ನವೆಂಬರಿನಲ್ಲಿ ನಾಟಿಂಗ್‌ಹ್ಯಾಮಿನ ಕೋರ್ಟು ಇಬ್ಬರನ್ನೂ ಅಪರಾಧಿಗಳು ಅಂತ ತೀರ್ಮಾನಿಸಿತು. ಇಬ್ಬರಿಗೂ ಎರಡು ವರ್ಷದ ಅಮಾನತಿನ ಶಿಕ್ಷೆ. ಒಂದೇ ಮಗು, ಒಂದೇ ವಾರ್ಡು, ಒಂದೇ ಕೋರ್ಟು, ಒಂದೇ ಶಿಕ್ಷೆ. ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ, ಕಣ್ಣು ಬಿಟ್ಟು ನೋಡಿ.

ನರ್ಸಿನ ಹೆಸರನ್ನು ನರ್ಸುಗಳ ಮಂಡಳಿ 2016ರಲ್ಲಿ ಹೊಡೆದುಹಾಕಿತು. ಅಷ್ಟೇ. ಕಥೆ ಮುಗೀತು.

ಡಾಕ್ಟರಮ್ಮನ ಕಥೆ ಮುಗಿಯಲಿಲ್ಲ. 2017ರಲ್ಲಿ ವೈದ್ಯರ ಟ್ರಿಬ್ಯೂನಲ್ಲು ಒಂದು ವರ್ಷ ಅಮಾನತು ಸಾಕು ಅಂದಿತು. ವೈದ್ಯರ ಮಂಡಳಿಗೆ ಅದು ಸಾಲಲಿಲ್ಲ, ಹೈಕೋರ್ಟಿಗೆ ಹೋಯಿತು. 2018ರ ಜನವರಿಯಲ್ಲಿ ಹೆಸರು ಹೊಡೆಸಿತು. ಆಗ ದೇಶದ ಡಾಕ್ಟರುಗಳು ಎದ್ದರು. ಇವತ್ತು ಅವಳು, ನಾಳೆ ನಾವು ಅಂತ ಅವರಿಗೆ ಹೊಳೀತು. ಚಂದಾ ಎತ್ತಿದರು. ಮೂರು ಲಕ್ಷ ಪೌಂಡಿಗೂ ಮೇಲೆ ದುಡ್ಡು ಸೇರಿತು. ಆ ಬಲದ ಮೇಲೆ ಜೇಮ್ಸ್ ಲ್ಯಾಡಿ ಅನ್ನುವ ರೇಷ್ಮೆ ನಿಲುವಂಗಿಯ ಬ್ಯಾರಿಸ್ಟರು ಅವಳ ಪರ ನಿಂತರು. ಎದುರಿಗೆ ಮಂಡಳಿಯ ಪರ ಐವನ್ ಹೇರ್, ಅವರೂ ರೇಷ್ಮೆಯವರೇ. ಭಾರತ ಮೂಲದ ವೈದ್ಯರ ಸಂಘ ಬಾಪಿಯೋ ಕೂಡ ಕೇಸಿನಲ್ಲಿ ಸೇರಿಕೊಂಡಿತು. 2018ರ ಆಗಸ್ಟ್ 13ರಂದು ಮೇಲ್ಮನವಿ ನ್ಯಾಯಾಲಯ ಹೊಡೆದ ಹೆಸರನ್ನು ಮತ್ತೆ ಬರೆಸಿತು. ಟ್ರಿಬ್ಯೂನಲ್ಲು ತೂಗಿ ನೋಡಿದ್ದನ್ನು ಹೈಕೋರ್ಟು ಕೆದಕಬಾರದಿತ್ತು ಅಂದಿತು. 2019ರಲ್ಲಿ ಷರತ್ತಿನ ಮೇಲೆ ಕೆಲಸಕ್ಕೆ ಮರಳಬಹುದು ಅಂತಲೂ ಆಯಿತು.

ಅವಳು ಮರಳಿದ್ದಕ್ಕೆ ನಮಗೆ ಸಂತೋಷವೇ. ಹೇಳಿಬಿಡುತ್ತೇವೆ, ಯಾಕೆಂದರೆ ನಮ್ಮ ಮಾತನ್ನು ತಿರುಚುವವರು ಇದ್ದಾರೆ. ನಾವು ಕೇಳೋದು, ಆ ಮೂರು ಲಕ್ಷದಲ್ಲಿ ನರ್ಸಿನ ಪಾಲು ಎಷ್ಟು? ಚಂದಾ ಎತ್ತಿದ್ದು ಡಾಕ್ಟರಿಗೆ, ಎತ್ತಿದವರು ಡಾಕ್ಟರುಗಳು. ಅನ್ಯಾಯ ಅಂತ ಕೂಗಿದವರಿಗೂ ತಮ್ಮ ಪಂಕ್ತಿಯವರ ಅನ್ಯಾಯವೇ ಕಂಡಿತು. ಪಂಕ್ತಿಯಾಚೆ ಕೂತವಳು ಕಾಣಲಿಲ್ಲ. ನೊಂದವರ ಒಗ್ಗಟ್ಟು ಕೂಡ ಜಾತಿ ಹಿಡಿದು ನಡೀತದಲ್ಲ, ಅದು ನಮ್ಮನ್ನು ಚುಚ್ಚಿತು.

ಸತ್ತ ಮಗುವಿನ ತಾಯಿ ಎಲ್ಲಿ ನಿಂತಳು ಅಂತ ಕೇಳುವವರಿಗೂ ಉತ್ತರ ಕೊಡಬೇಕು. ಆ ವಿಚಾರಣೆಯಲ್ಲಿ ಅವಳು ಕಕ್ಷಿದಾರಳೇ ಅಲ್ಲ. ಕೇಸು ಮಂಡಳಿಗೂ ಡಾಕ್ಟರಿಗೂ ನಡುವೆ. ಹಡೆದವಳು ಬೆಂಚಿನಲ್ಲಿ ಕೂತು ಕೇಳಬೇಕು. ಹಾಗಾದರೆ ಡಾಕ್ಟರುಗಳನ್ನು ಕಡಿಮೆ ಮಾಡಿ, ಕೆಟ್ಟ ಕಂಪ್ಯೂಟರು ಕೊಟ್ಟು, ವಾರ್ಡು ನಡೆಸಿದ ಆಡಳಿತಗಾರರು? ಅವರ ಹೆಸರು ಹೊಡೆಯುವುದಕ್ಕೆ ಆ ದಿನಗಳಲ್ಲಿ ಅಂಥದೊಂದು ರಿಜಿಸ್ಟರೇ ಇರಲಿಲ್ಲ! ಬರೆಯದ ಹೆಸರನ್ನು ಹೊಡೆಯುವುದು ಹೇಗೆ? ಮೇಲಿದ್ದವರಿಗೆ ಪುಸ್ತಕವೇ ಇಲ್ಲ, ಕೆಳಗಿದ್ದವರಿಗೆ ಕೆಂಪು ಶಾಯಿ.

ಇದು ಒಂದು ಕೇಸಿನ ಮಾತಲ್ಲ. ಆ ಮಂಡಳಿಯೇ ಮಾಡಿಸಿದ ಅಧ್ಯಯನ 2019ರಲ್ಲಿ ಹೊರಬಂತು. ರೋಜರ್ ಕ್ಲೈನ್, ಡೋಯಿನ್ ಅಟೆವೊಲೊಗನ್ ಬರೆದದ್ದು. ಆಸ್ಪತ್ರೆಯವರು ಮಂಡಳಿಗೆ ದೂರು ಕೊಡುವುದು ಬಿಳಿಯ ಡಾಕ್ಟರುಗಳಲ್ಲಿ ನೂರಕ್ಕೆ 0.5 ಮಂದಿಯ ಮೇಲಾದರೆ, ಕಪ್ಪು, ಕಂದು ಬಣ್ಣದವರಲ್ಲಿ 1.1 ಮಂದಿಯ ಮೇಲೆ. ಎರಡು ಪಟ್ಟಿಗೂ ಜಾಸ್ತಿ. ಹೊರದೇಶದಲ್ಲಿ ಓದಿ ಬಂದವರ ಮೇಲೂ ಹಾಗೇ. ಬಾಗಿಲಲ್ಲೇ ಬಣ್ಣ ನೋಡಿ ಒಳಗೆ ತಳ್ಳಿದ ಮೇಲೆ, ಒಳಗೆ ತಕ್ಕಡಿ ಎಷ್ಟು ನೆಟ್ಟಗಿದ್ದರೇನು?

ನಮ್ಮ ಓದುಗರಿಗೆ ಇನ್ನೂ ಹತ್ತಿರದ ಒಂದು ಸಂಗತಿ ಇದೆ, ಮಂಜುಳಾ ಅರೋರ ಅನ್ನುವ ಭಾರತ ಮೂಲದ ವೈದ್ಯೆಯದು. ಆಕೆ 2019ರಲ್ಲಿ ಒಂದು ಲ್ಯಾಪ್‌ಟಾಪ್ ಕೇಳಿದಳು. ಮೇಲಧಿಕಾರಿ, ಈಗ ಇಲ್ಲ, ನಿಮಗೆ ಬೇಕು ಅನ್ನೋದನ್ನು ಗುರುತು ಹಾಕಿಕೊಳ್ಳುತ್ತೇನೆ ಅಂದ. ಆಕೆ ಕಂಪ್ಯೂಟರ್ ವಿಭಾಗಕ್ಕೆ ಹೋಗಿ, ನನಗೆ 'ಪ್ರಾಮಿಸ್' ಮಾಡಿದ್ದಾರೆ ಅಂದಳು. ಒಂದು ಮಾತು, ಒಂದೇ ಒಂದು ಇಂಗ್ಲಿಷು ಪದ. ಅದಕ್ಕೆ 2022ರಲ್ಲಿ ಟ್ರಿಬ್ಯೂನಲ್ಲು ಅಪ್ರಾಮಾಣಿಕತೆ ಅಂತ ತೀರ್ಮಾನಿಸಿ ಒಂದು ತಿಂಗಳು ಅಮಾನತು ಮಾಡಿತು. ಗಲಾಟೆ ಎದ್ದ ಮೇಲೆ ಅಮಾನತು ರದ್ದಾಯಿತು. ಈ ಕೇಸನ್ನು ಟ್ರಿಬ್ಯೂನಲ್ಲಿಗೆ ತರಲೇಬಾರದಿತ್ತು ಅಂತ ಮಂಡಳಿ ನೇಮಿಸಿದ ಪರಿಶೀಲಕರೇ ಬರೆದರು. ಕನ್ನಡ ಮೀಡಿಯಂನಿಂದ ಬಂದು, ವೈವಾದಲ್ಲಿ ಇಂಗ್ಲಿಷು ಪದಕ್ಕೆ ತಡಕಾಡಿ ಬೆವರಿದ ನಮಗೆ ಇದನ್ನು ಓದಿ ಹೊಟ್ಟೆಯೊಳಗೆ ಹೇಗಾಯಿತು ಅಂತ ಬರೆಯಲಾರೆವು.

ಹಾಗಂತ ಬ್ಯಾರಿಸ್ಟರುಗಳೆಲ್ಲ ದುಷ್ಟರು ಅನ್ನುತ್ತಿಲ್ಲ. ಅವರಿಗೊಂದು ನಿಯಮವಿದೆ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುಂದೆ ನಿಂತ ಗಾಡಿ ಬಂದ ಗಿರಾಕಿಯನ್ನು ಹತ್ತಿಸಿಕೊಳ್ಳಲೇಬೇಕಲ್ಲ, ಹಾಗೆ ಬಂದ ಕೇಸನ್ನು ತೆಗೆದುಕೊಳ್ಳಲೇಬೇಕು. ಕೇಳೋದಕ್ಕೆ ಸಮಾನತೆಯ ಮಾತು. ಆದರೆ ತಕ್ಕ ಫೀಸು ಕೊಟ್ಟರೆ ಅನ್ನುವ ಬಾಲ ಅದಕ್ಕಿದೆ. ಗಾಡಿ ಎಲ್ಲರಿಗೂ ನಿಲ್ಲುತ್ತದೆ, ಮೀಟರು ಯಾರಿಗೂ ನಿಲ್ಲುವುದಿಲ್ಲ. ಡಾಕ್ಟರುಗಳಿಗೆ 1885ರಲ್ಲೇ ರಕ್ಷಣಾ ಸಂಘ ಹುಟ್ಟಿತು. ವಂತಿಗೆ ಕಟ್ಟಿದವನಿಗೆ ವಕೀಲ ಸಿಗುತ್ತಾನೆ. ಯೂನಿಯನ್ನಿಗೆ ಸೇರದ ಏಜೆನ್ಸಿ ನರ್ಸು ತನ್ನ ಜೇಬಿನಿಂದಲೇ ವಕೀಲನನ್ನು ಹಿಡಿಯಬೇಕು, ಇಲ್ಲವೇ ಒಂಟಿಯಾಗಿ ನಿಲ್ಲಬೇಕು.

ಗ್ರೇಸ್ ಇನ್ ಅನ್ನುವ ಅದೇ ಲಂಡನ್ನಿನ ವಕೀಲರ ಮನೆಯಿಂದ 1922ರಲ್ಲಿ ಬಾಬಾಸಾಹೇಬರು ಬ್ಯಾರಿಸ್ಟರಾಗಿ ಹೊರಬಂದರು. ಬೊಂಬಾಯಿಗೆ ಬಂದು ಸನ್ನದು ಪಡೆಯುವುದಕ್ಕೆ ದುಡ್ಡಿಲ್ಲದೆ, ನವಲ್ ಬಥೇನಾ ಅನ್ನುವ ಗೆಳೆಯನ ಹತ್ತಿರ ಸಾಲ ಮಾಡಬೇಕಾಯಿತು. ಮೇಲ್ಜಾತಿಯ ಸಾಲಿಸಿಟರುಗಳು ಅವರ ಹತ್ತಿರ ಕೇಸು ತರಲಿಲ್ಲ. ಆ ಕಾಲದಲ್ಲಿ ಡೈರೆಕ್ಟರಿ ಅಚ್ಚು ಹಾಕಿದ್ದರೆ ಯಾವ ಬ್ಯಾಂಡಿನಲ್ಲಿ ಬರೀತಿದ್ದರು ಅವರನ್ನು?

ಗೆಳೆಯ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಈ ಕಾನೂನು ಓದಲೇಬಾರದಾ?" ಅಂದ. ಓದು ಮಾರಾಯ, ಚೆನ್ನಾಗಿ ಓದು, ಅಂದೆವು. ನಮ್ಮ ಹಾಸ್ಟೆಲುಗಳಿಂದ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೊರಡುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ವೀಸಾದ ಮಾತು ಹೇಳುವವರು ಬೀದಿಗೊಬ್ಬರು. ರಿಜಿಸ್ಟರಿನ ಮಾತು ಯಾರು ಹೇಳಿದ್ದಾರೆ? ಹೋದ ವಾರವೇ ಯೂನಿಯನ್ನಿಗೆ ಸೇರು, ಚೀಟಿ ಇಲ್ಲದೆ ಬಾಯಿಮಾತಿನ ಆರ್ಡರು ಒಪ್ಪಬೇಡ, ಮೂವರು ಮಾಡುವ ಕೆಲಸ ಒಬ್ಬಳ ಮೇಲೆ ಹಾಕಿದರೆ ಅವತ್ತೇ ಬರೆದುಕೊಡು, ನಕಲು ಇಟ್ಟುಕೋ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು ನಮಗೆ, ಸ್ಟೆನ್ಸಿಲ್ ನಾವು ಕೊರೀತೀವಿ ಅಂದೆವು. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಒಂದು ಬಿಳಿ ಹಾಳೆ ಕೇಳಿದ.